ಸಮವಸ್ತ್ರದೊಳಗಿನ ಹೆಣ್ಣುಮನಸ್ಸು

ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ಕಥೆಯನ್ನು ಕೇಳಿದವರಿಗೆ ಬೃಹನ್ನಳೆಯ ಪರಿಚಯವಿಲ್ಲದಿರಲಾರದು. ಗಾಂಡೀವವನ್ನು ಶಮೀವೃಕ್ಷದ ಮೇಲಿರಿಸಿ, ಬಳೆ ತೊಟ್ಟು, ಜಡೆ ಹೆಣೆದುಕೊಂಡು ವಿರಾಟನ ಮಗಳಿಗೆ ನೃತ್ಯ ಕಲಿಸುತ್ತಿದ್ದ ಅರ್ಜುನನು ಸಮಯ ಬಂದಾಗ ರಥವೇರಿ ಕೌರವಸೇನೆಯನ್ನು ಒಬ್ಬನೇ ಎದುರಿಸಿದನು. ತೊಟ್ಟಿದ್ದ ಬಳೆ ಅವನ ಬಾಣದ ಗುರಿಯನ್ನು ಕದಲಿಸಲಿಲ್ಲ. ಆದರೆ ಅರ್ಜುನನಿಗೆ ಹೆಣ್ಣುಡುಗೆ ಒಂದು ಮರೆ. ವರ್ಷ ತುಂಬಿದೊಡನೆ ಕಳಚಿಡಬಹುದಾದ ಮರೆ.

ಇದಕ್ಕೆ ತೀರ ವಿಪರೀತವಾದ ಸ್ಥಿತಿಯೊಂದುಂಟು. ಹೊರಗೆ ಗಂಡಸಿನ ದೇಹ, ಸಿಪಾಯಿಯ ಸಮವಸ್ತ್ರ, ಕವಾಯತಿನ ಗತ್ತು. ಒಳಗೆ ತಾನು ಹೆಣ್ಣೆಂಬ ಕದಲದ ಅರಿವು. ಇಂಥವರ ಪಾಲಿಗೆ ಸಮವಸ್ತ್ರವೇ ಅಜ್ಞಾತವಾಸ. ಅದರ ಅವಧಿ ಒಂದು ವರ್ಷವಲ್ಲ, ಹಲವರಿಗೆ ಇಡೀ ಆಯುಷ್ಯ. ಇವರು ಒಳ್ಳೆಯ ಸೈನಿಕರಾಗಬಲ್ಲರೆ, ಸೈನಿಕರಾಗಿದ್ದುಕೊಂಡೇ ಹೆಣ್ಣಾಗಿಯೂ ಬಾಳಬಲ್ಲರೆ ಎಂಬ ಪ್ರಶ್ನೆಯನ್ನು ಇಂದು ಅನೇಕ ದೇಶಗಳ ಸರ್ಕಾರಗಳು, ನ್ಯಾಯಾಲಯಗಳು ಚರ್ಚಿಸುತ್ತಿವೆ. ವಾದದ ಬಿಸಿಯನ್ನು ಬದಿಗಿಟ್ಟು, ಇತಿಹಾಸವೂ ವಿಜ್ಞಾನವೂ ಈ ಬಗ್ಗೆ ಏನು ಹೇಳುತ್ತವೆಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ದೇಹದ ಲಿಂಗ, ಮನಸ್ಸಿನ ಲಿಂಗ

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಜೀವಕಣಗಳಲ್ಲಿರುವ ಎಕ್ಸ್ ಮತ್ತು ವೈ ವರ್ಣತಂತುಗಳು, ವೃಷಣ ಅಥವಾ ಅಂಡಾಶಯ, ಅವು ಸ್ರವಿಸುವ ಹಾರ್ಮೋನುಗಳು, ಇವೆಲ್ಲ ದೇಹದ ಲಿಂಗಕ್ಕೆ ಸಂಬಂಧಿಸಿದವು. ಆದರೆ ಪ್ರತಿಯೊಬ್ಬರಲ್ಲಿಯೂ ‘ನಾನು ಗಂಡು’ ಅಥವಾ ‘ನಾನು ಹೆಣ್ಣು’ ಎಂಬ ಒಳಗಿನ ಅರಿವೊಂದು ಇರುತ್ತದೆ. ಸಾಮಾನ್ಯವಾಗಿ ಮಗು ಮೂರು ವರ್ಷದ್ದಾಗುವ ಹೊತ್ತಿಗೆ ಈ ಅರಿವು ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಲಿಂಗಭಾವ ಎಂದು ಕರೆಯೋಣ. ಬಹುತೇಕ ಜನರಲ್ಲಿ ದೇಹವೂ ಭಾವವೂ ಒಂದೇ ದಾರಿಯಲ್ಲಿ ನಡೆಯುವುದರಿಂದ ಅವೆರಡೂ ಬೇರೆಯೆಂಬುದೇ ನಮಗೆ ಹೊಳೆಯುವುದಿಲ್ಲ. ಕೆಲವರಲ್ಲಿ ಮಾತ್ರ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಹೀಗಾಗಲು ಯಾವುದೋ ಒಂದೇ ಕಾರಣವಿದೆಯೆಂದು ವಿಜ್ಞಾನ ಹೇಳುವುದಿಲ್ಲ. ಆನುವಂಶಿಕತೆ, ಗರ್ಭದಲ್ಲಿರುವಾಗಿನ ಹಾರ್ಮೋನುಗಳ ಪ್ರಭಾವ ಮೊದಲಾದುವನ್ನು ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ಆದರೆ ಇದು ಬುದ್ಧಿಭ್ರಮಣೆಯಲ್ಲವೆಂಬ ವಿಷಯದಲ್ಲಿ ವೈದ್ಯಲೋಕ ಬಹುಮಟ್ಟಿಗೆ ಒಮ್ಮತಕ್ಕೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗವರ್ಗೀಕರಣದಲ್ಲಿ ಈ ಸ್ಥಿತಿಯನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ತೆಗೆದು ಬೇರೆಡೆ ಇರಿಸಿತು. ಇಂಥವರೆಲ್ಲರ ಬಯಕೆ ಒಂದೇ ಬಗೆಯದೂ ಅಲ್ಲ. ಮನೆಯ ನಾಲ್ಕು ಗೋಡೆಗಳೊಳಗೆ ಸೀರೆ ಉಟ್ಟರೆ ಕೆಲವರಿಗೆ ಸಮಾಧಾನ. ಹೆಣ್ಣು ಹೆಸರಿನಿಂದ, ಹೆಣ್ಣಾಗಿ ಲೋಕದೆದುರು ಬಾಳಬೇಕೆಂಬುದು ಕೆಲವರ ಆಸೆ. ದೇಹವನ್ನೇ ಬದಲಾಯಿಸಿಕೊಂಡಲ್ಲದೆ ಇನ್ನು ಕೆಲವರಿಗೆ ನೆಮ್ಮದಿಯಿಲ್ಲ.

ಶೌರ್ಯಪದಕ ತೊಟ್ಟ ಮಹಿಳೆ

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ದೆಯೋನ್ ಎಂಬವರ ಹೆಸರು ಮನೆಮಾತಾಗಿತ್ತು. 1728ರಲ್ಲಿ ಫ್ರಾನ್ಸಿನ ತೊನೇರ್ ಪಟ್ಟಣದಲ್ಲಿ ಹುಟ್ಟಿದ ಇವರು ಹದಿನೈದನೆಯ ಲೂಯಿ ದೊರೆಯ ಗುಪ್ತಚರರು. ಏಳು ವರ್ಷಗಳ ಯುದ್ಧದಲ್ಲಿ ಡ್ರಗೂನ್ ಎಂಬ ಅಶ್ವಪಡೆಯ ಕ್ಯಾಪ್ಟನ್ ಆಗಿ ಹೋರಾಡಿ ಗಾಯಗೊಂಡವರು. 1763ರಲ್ಲಿ ಸಂತ ಲೂಯಿಯ ಹೆಸರಿನ ಸೈನಿಕ ಪದಕವನ್ನು ಪಡೆದವರು. ಮುಂದೆ ಲಂಡನ್ನಿನಲ್ಲಿ ನೆಲೆಸಿದಾಗ ಇವರು ಗಂಡೋ ಹೆಣ್ಣೋ ಎಂದು ಜನ ಭಾರಿ ಮೊತ್ತದ ಬಾಜಿ ಕಟ್ಟತೊಡಗಿದರು. ಬಾಜಿಯ ವ್ಯಾಜ್ಯವೊಂದು ನ್ಯಾಯಾಲಯಕ್ಕೆ ಹೋಗಿ, 1777ರಲ್ಲಿ ದೆಯೋನ್ ಹೆಂಗಸೆಂದೇ ತೀರ್ಪಾಯಿತು. ತಾವು ಹುಟ್ಟಿನಿಂದ ಹೆಣ್ಣೆಂದೂ ಗಂಡಾಗಿ ಬೆಳೆಸಲ್ಪಟ್ಟವರೆಂದೂ ದೆಯೋನ್ ಹೇಳಿಕೊಂಡರು.

ಅದೇ ವರ್ಷ ಫ್ರಾನ್ಸಿಗೆ ಮರಳಿದಾಗ ಹದಿನಾರನೆಯ ಲೂಯಿ ಒಂದು ವಿಚಿತ್ರವಾದ ಆಜ್ಞೆಯನ್ನಿತ್ತನು: ಸೈನಿಕ ಸಮವಸ್ತ್ರವನ್ನು ಕಳಚಿಟ್ಟು ಹೆಂಗಸಿನ ಉಡುಗೆಯನ್ನೇ ತೊಡತಕ್ಕದ್ದು. ದೆಯೋನ್ ಒಪ್ಪಿದರು. ಆದರೆ ಯೋಧತನವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಹೆಣ್ಣುಡುಗೆಯ ಎದೆಯ ಮೇಲೆ ತಮ್ಮ ಸೈನಿಕ ಪದಕವನ್ನು ಧರಿಸಿಯೇ ನಡೆದರು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಸೇವೆಗೆ ಅನುಮತಿ ಬೇಡಿ ಹಟ ಹಿಡಿದುದಕ್ಕಾಗಿ 1779ರಲ್ಲಿ ದಿಜೋನ್ ಕೋಟೆಯಲ್ಲಿ ಕೆಲಕಾಲ ಸೆರೆಯಲ್ಲಿದ್ದರು. 1787ರಲ್ಲಿ, ಸುಮಾರು 58ರ ವಯಸ್ಸಿನಲ್ಲಿ, ಹೆಣ್ಣುಡುಗೆಯಲ್ಲಿಯೇ ಲಂಡನ್ನಿನ ಕಾರ್ಲ್‌ಟನ್ ಅರಮನೆಯಲ್ಲಿ ಪ್ರಸಿದ್ಧ ಕತ್ತಿವರಸೆಗಾರರೊಬ್ಬರೊಡನೆ ಸೆಣಸಿದರು. ಸುಮಾರು 33 ವರ್ಷ ಹೆಣ್ಣಾಗಿ ಬಾಳಿ 1810ರಲ್ಲಿ ತೀರಿಕೊಂಡಾಗ, ವೈದ್ಯರ ಪರೀಕ್ಷೆಯಿಂದ ದೇಹ ಗಂಡಸಿನದೆಂದು ತಿಳಿದುಬಂತು. ಉಡುಗೆ ಹೆಣ್ಣಿನದಾದ ಮಾತ್ರಕ್ಕೆ ಕತ್ತಿ ಹಿಡಿದ ಕೈ ಸಡಿಲವಾಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೇವೆಗೆ ಅಡ್ಡವಾದುದು ದೇಹವೂ ಅಲ್ಲ, ಮನಸ್ಸೂ ಅಲ್ಲ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂಬ ರಾಜಾಜ್ಞೆ.

ಗಂಡುಕುದುರೆ ಕಲಿಸಿದ ಪಾಠ

ದೆಯೋನರ ಕಾಲದಲ್ಲಿ ಉಡುಗೆಯನ್ನು ಬದಲಾಯಿಸಬಹುದಿತ್ತು, ದೇಹವನ್ನಲ್ಲ. ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ ಆ ಗಡಿಯನ್ನು ದಾಟಿತು. 1929ರಲ್ಲಿ ಅಮೆರಿಕದ ಡಾಯ್ಸಿ ಮತ್ತು ಜರ್ಮನಿಯ ಬುಟೆನಾಂಟ್ ಬೇರೆ ಬೇರೆಯಾಗಿ ಹೆಣ್ಣಿನ ಹಾರ್ಮೋನೊಂದನ್ನು ಶುದ್ಧರೂಪದಲ್ಲಿ ಪಡೆದರು. 1935ರಲ್ಲಿ ಗಂಡಿನ ಹಾರ್ಮೋನಾದ ಟೆಸ್ಟಾಸ್ಟಿರೋನ್ ಕೈಗೆ ಸಿಕ್ಕಿತು. ಇವೆರಡರ ನಡುವೆ, 1934ರಲ್ಲಿ, ಬೆರ್ನ್‌ಹಾರ್ಡ್ ಜೊಂಡೆಕ್ ಎಂಬ ವಿಜ್ಞಾನಿ ಎಲ್ಲರೂ ಬೆರಗಾಗುವಂಥ ಸಂಗತಿಯೊಂದನ್ನು ಪ್ರಕಟಿಸಿದರು: ಗಂಡಸುತನದ ಸಂಕೇತವೆಂದು ಲೋಕ ಭಾವಿಸಿರುವ ಗಂಡುಕುದುರೆಯ ಮೂತ್ರದಲ್ಲಿ ಹೆಣ್ಣುಹಾರ್ಮೋನು ಹೇರಳವಾಗಿದೆ! ಗಂಡಿನಲ್ಲಿ ಗಂಡಿನ ರಸ ಮಾತ್ರ, ಹೆಣ್ಣಿನಲ್ಲಿ ಹೆಣ್ಣಿನ ರಸ ಮಾತ್ರ ಎಂಬ ಸರಳ ನಂಬಿಕೆ ಅಲ್ಲಿಗೆ ಮುರಿಯಿತು. ಪ್ರತಿಯೊಬ್ಬರಲ್ಲಿಯೂ ಎರಡೂ ಇವೆ, ಬೇರೆಯಾಗಿರುವುದು ಪ್ರಮಾಣ.

1938ರಲ್ಲಿ, ಗುಳಿಗೆಯ ರೂಪದಲ್ಲಿ ನುಂಗಬಹುದಾದ ಎಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ಹೆಣ್ಣುಹಾರ್ಮೋನು ಜರ್ಮನಿಯಲ್ಲಿ ಸಿದ್ಧವಾಯಿತು. ಇದೇ ಔಷಧಿಯ ವಿಷಯವನ್ನು ಓದಿ ತಿಳಿದ ಅಮೆರಿಕದ ಮಾಜಿ ಸೈನಿಕರೊಬ್ಬರು ಅದನ್ನು ತಾವಾಗಿಯೇ ಸೇವಿಸತೊಡಗಿದರು. 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರನ್ನು 1945ರಲ್ಲಿ ಕಡ್ಡಾಯ ಸೈನ್ಯಸೇವೆಗೆ ಕರೆದು ಫೋರ್ಟ್ ಡಿಕ್ಸ್ ಎಂಬಲ್ಲಿ ಗುಮಾಸ್ತೆಯ ಕೆಲಸಕ್ಕೆ ಹಾಕಿದ್ದರು. ಸೇವೆ ಮುಗಿಸಿ ಗೌರವಪೂರ್ವಕವಾಗಿ ಬಿಡುಗಡೆಯಾದ ಮೇಲೆ ಇವರು 1950ರಲ್ಲಿ ಡೆನ್ಮಾರ್ಕಿಗೆ ತೆರಳಿ, ಕ್ರಿಶ್ಚಿಯನ್ ಹ್ಯಾಂಬುರ್ಗರ್ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಹಾರ್ಮೋನು ಚಿಕಿತ್ಸೆ ಪಡೆದರು. ಅನಂತರ ಶಸ್ತ್ರಚಿಕಿತ್ಸೆಯೂ ಆಯಿತು. ಆ ವೈದ್ಯರ ಹೆಸರನ್ನೇ ತಿರುಗಿಸಿ ಕ್ರಿಸ್ಟೀನ್ ಯೋರ್ಗನ್ಸೆನ್ ಎಂಬ ಹೆಸರನ್ನಿಟ್ಟುಕೊಂಡರು. 1952ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಪತ್ರಿಕೆಯೊಂದು ಮಾಜಿ ಸಿಪಾಯಿ ಸುಂದರಿಯಾದ ಸುದ್ದಿಯನ್ನು ಮುಖಪುಟದಲ್ಲಿ ಅಚ್ಚು ಹಾಕಿದಾಗ ಜಗತ್ತೇ ಬೆರಗಾಯಿತು. ಬೆರಗಾದವರೆಲ್ಲ ನಗಲಿಲ್ಲ. ತಮ್ಮ ಲಿಂಗವನ್ನು ಬದಲಿಸಿಕೊಡಿರೆಂದು ಬೇಡಿದ 465 ಮಂದಿಯ ಪತ್ರಗಳು ಡಾಕ್ಟರ್ ಹ್ಯಾಂಬುರ್ಗರರಿಗೆ ಬಂದವು; ಅವರು ಅವುಗಳನ್ನೇ ಅಧ್ಯಯನ ಮಾಡಿ 1953ರಲ್ಲಿ ಲೇಖನ ಪ್ರಕಟಿಸಿದರು.

ರಣರಂಗದಿಂದ ಬಂದ ಶಸ್ತ್ರವಿದ್ಯೆ

ಹಾರ್ಮೋನು ಕುದುರೆಲಾಯದಿಂದ ಬಂದಂತೆ, ಶಸ್ತ್ರಚಿಕಿತ್ಸೆಯ ಕೌಶಲದ ಒಂದು ಪಾಲು ರಣರಂಗದಿಂದಲೇ ಬಂತು. ಮೊದಲನೆಯ ಮಹಾಯುದ್ಧದಲ್ಲಿ ಗುಂಡು ತಗುಲಿ ಮುಖ ಕಳೆದುಕೊಂಡ ಸೈನಿಕರಿಗೆ ಹೊಸ ಮುಖ ಕಟ್ಟಿಕೊಟ್ಟವರು ಹೆರಾಲ್ಡ್ ಗಿಲೀಸ್. ಚರ್ಮವನ್ನು ಪೂರ್ಣವಾಗಿ ಕತ್ತರಿಸದೆ, ರಕ್ತ ಹರಿಯುತ್ತಿರುವಂತೆಯೇ ಕೊಳವೆಯಾಗಿ ಹೊಲಿದು, ಬೇಕಾದ ಸ್ಥಳಕ್ಕೆ ಕಸಿ ಮಾಡುವ ವಿಧಾನವನ್ನು ಅವರು 1917ರಲ್ಲಿ ಬಳಕೆಗೆ ತಂದರು. ಎರಡನೆಯ ಮಹಾಯುದ್ಧದ ಬಳಿಕ ಇದೇ ವೈದ್ಯರು ದೇಹ ಮತ್ತು ಭಾವ ಹೊಂದದವರ ನೆರವಿಗೂ ಬಂದರು.

ಅವರ ಬಳಿಗೆ ಬಂದವರಲ್ಲಿ ರಾಬರ್ಟಾ ಕವೆಲ್ ಒಬ್ಬರು. 1918ರಲ್ಲಿ ಹುಟ್ಟಿದ ಇವರು ಯುದ್ಧಕ್ಕೆ ಮುಂಚೆ ಮೋಟಾರು ಪಂದ್ಯಗಳ ಸಾಹಸಿ. ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಚಾಲಕ. 1944ರ ನವೆಂಬರಿನಲ್ಲಿ ಜರ್ಮನಿಯ ಮೇಲೆ ಹಾರುತ್ತಿದ್ದಾಗ ವಿಮಾನಕ್ಕೆ ಗುಂಡು ತಗುಲಿ ಸೆರೆಸಿಕ್ಕರು. ಯುದ್ಧ ಮುಗಿಯುವ ತನಕ ಬಂದಿಗಳ ಶಿಬಿರದಲ್ಲಿ ಹಸಿವಿನಿಂದ ಕೃಶರಾದರು. ಅಲ್ಲಿ ಬಂದಿಗಳು ಆಡಿದ ನಾಟಕದಲ್ಲಿ ಹೆಣ್ಣುಪಾತ್ರ ವಹಿಸೆಂದು ಕರೆದಾಗ ಕವೆಲ್ ಒಪ್ಪಲಿಲ್ಲ. ಜೊತೆಗಾರರು ತಮ್ಮನ್ನು ಕುರಿತು ಏನೆಂದುಕೊಂಡಾರೋ ಎಂಬ ಅಂಜಿಕೆ ಅವರನ್ನು ತಡೆಯಿತು. ಶತ್ರುವಿನ ಫಿರಂಗಿಗಳ ನಡುವೆ ವಿಮಾನ ನಡೆಸಿದವರು ಒಂದು ಸೀರೆಯಷ್ಟು ಬಟ್ಟೆಗೆ ಹೆದರಿದರು! ಬೇರೆಯವರು ತಮಾಷೆಗಾಗಿ ಧರಿಸಬಹುದಾದ ಉಡುಗೆಯನ್ನು, ಅದು ನಿಜವಾಗಿಯೂ ಬೇಕಾದವರು ಮುಟ್ಟಲಾರದೆ ಹೋದರು. ಗುಟ್ಟಿನ ಭಾರವೆಂದರೆ ಇದೇ. 1951ರ ಮೇ ತಿಂಗಳಲ್ಲಿ ಗಿಲೀಸರ ಶಸ್ತ್ರಚಿಕಿತ್ಸೆಯ ಬಳಿಕ ಕವೆಲ್ ಕಾನೂನಿನ ಪ್ರಕಾರವೂ ಹೆಣ್ಣಾದರು. 1957ರಲ್ಲಿ ಬೆಟ್ಟವೇರುವ ಮೋಟಾರು ಪಂದ್ಯವೊಂದರಲ್ಲಿ ಗೆಲುವನ್ನೂ ಪಡೆದರು.

ಸೈನ್ಯವನ್ನೇ ಏಕೆ ಸೇರುತ್ತಾರೆ?

ತಾನು ಹೆಣ್ಣೆಂದು ಬಲ್ಲವರು ಗಂಡಸುತನದ ಕೋಟೆಯಂತಿರುವ ಸೈನ್ಯವನ್ನು ಏಕೆ ಸೇರಬೇಕು? ಅಮೆರಿಕದ ಸೈನ್ಯದಲ್ಲಿ ಮನೋವೈದ್ಯರಾಗಿದ್ದ ಜಾರ್ಜ್ ಬ್ರೌನ್ 1988ರಲ್ಲಿ ಇದಕ್ಕೊಂದು ಉತ್ತರವನ್ನು ಮುಂದಿಟ್ಟರು. ತಮ್ಮ ಬಳಿಗೆ ಬಂದವರ ಜೀವನಗಳನ್ನು ವಿಚಾರಿಸಿದಾಗ ಒಂದು ಸಮಾನ ಎಳೆ ಅವರಿಗೆ ಕಂಡಿತು. ಒಳಗಿನ ಹೆಣ್ಣನ್ನು ಹೊಸಕಿಹಾಕಬೇಕೆಂದು, ಸೈನ್ಯ ತಮ್ಮನ್ನು ‘ಸರಿಯಾದ ಗಂಡಸು’ ಮಾಡೀತೆಂದು ಅವರು ಅಲ್ಲಿಗೆ ಓಡಿಬಂದಿದ್ದರು. ಅತಿ ಅಪಾಯದ ಕೆಲಸಗಳನ್ನು ಆರಿಸಿಕೊಳ್ಳುವುದೂ ಈ ಓಟದ ಭಾಗವಾಗಿತ್ತು. ಆದರೆ ಔಷಧಿ ನಾಟಲಿಲ್ಲ. ಕವಾಯತು ಮೈಯನ್ನು ಗಟ್ಟಿ ಮಾಡಿತು, ಲಿಂಗಭಾವವನ್ನು ಬದಲಾಯಿಸಲಿಲ್ಲ.

ಇವರೆಲ್ಲ ಓಡಿಬಂದವರೇ ಎಂದು ತಿಳಿಯಬಾರದು. ದೇಶಸೇವೆಯ ಆಸೆ, ಸಂಬಳ, ಮನೆತನದ ಸಂಪ್ರದಾಯ, ಎಲ್ಲರನ್ನೂ ಸೈನ್ಯಕ್ಕೆ ಸೆಳೆಯುವ ಕಾರಣಗಳು ಇವರನ್ನೂ ಸೆಳೆಯುತ್ತವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ಅಶ್ವದಳದ ಅಧಿಕಾರಿಯಾಗಿದ್ದ, 1953ರಲ್ಲಿ ಎವರೆಸ್ಟ್ ಗೆಲುವಿನ ಸುದ್ದಿಯನ್ನು ಮೊದಲು ಲಂಡನ್ನಿಗೆ ಕಳುಹಿಸಿದ ಪತ್ರಕರ್ತೆ ಜಾನ್ ಮಾರಿಸ್ 1972ರಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣಾದವರು. ತಾನು ಹೆಣ್ಣಾಗಿರಬೇಕಿತ್ತೆಂಬ ಅರಿವು ಬಾಲ್ಯದಿಂದಲೇ ಇದ್ದರೂ ಸೈನ್ಯದ ದಿನಗಳನ್ನು ಆಕೆ 1974ರ ತಮ್ಮ ಆತ್ಮಕಥನದಲ್ಲಿ ಪ್ರೀತಿಯಿಂದಲೇ ನೆನೆದಿದ್ದಾರೆ.

ಗುಟ್ಟಿಗೆ ತೆರುವ ಬೆಲೆಯನ್ನು ಅಂಕಿಗಳೂ ತಿಳಿಸುತ್ತವೆ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಲಿಂಗಭಾವದ ತೊಡಕು ದಾಖಲಾದವರ ಸಂಖ್ಯೆ ಲಕ್ಷಕ್ಕೆ 22.9. ಸಾಮಾನ್ಯ ಜನರಲ್ಲಿ ಹಿಂದೆ ಅಂದಾಜಾಗಿದ್ದುದು ಲಕ್ಷಕ್ಕೆ 4.3. ಇದಕ್ಕಿಂತ ಕಳವಳಕಾರಿಯಾದ ಮಾತೆಂದರೆ, ಆತ್ಮಹತ್ಯೆಗೆ ಸಂಬಂಧಿಸಿದ ಆಲೋಚನೆ ಮತ್ತು ಪ್ರಯತ್ನಗಳು ಇವರಲ್ಲಿ ಉಳಿದ ಮಾಜಿ ಸೈನಿಕರಿಗಿಂತ 20 ಪಟ್ಟಿಗೂ ಹೆಚ್ಚಾಗಿದ್ದುವು.

ಬಲವನ್ನು ಅಳೆದುದು

ಚಿಕಿತ್ಸೆ ಪಡೆದ ಮೇಲೆ ಸೈನಿಕನ ಬಲವೇನಾಗುತ್ತದೆ? ಇದು ಊಹೆಯ ವಿಷಯವಲ್ಲ, ಅಳೆಯಬಹುದಾದ ವಿಷಯ. ಹೆಣ್ಣುಹಾರ್ಮೋನು ಸೇವಿಸಿ ಟೆಸ್ಟಾಸ್ಟಿರೋನನ್ನು ತಗ್ಗಿಸಿದಾಗ, ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಮೂರು ನಾಲ್ಕು ತಿಂಗಳಲ್ಲಿ ಹೆಂಗಸರ ಮಟ್ಟಕ್ಕೆ ಇಳಿಯುತ್ತದೆ. ಸ್ನಾಯುಗಳ ಬಲ ಇಷ್ಟು ಬೇಗ ಇಳಿಯುವುದಿಲ್ಲ; ವರ್ಷಗಳ ಮೇಲೂ ಬಹುಭಾಗ ಉಳಿದಿರುತ್ತದೆ. ಅಮೆರಿಕದ ವಾಯುಪಡೆಯಲ್ಲಿ ಸೇವೆಯಲ್ಲಿದ್ದಾಗಲೇ ಹೆಣ್ಣಾಗಿ ಪರಿವರ್ತನೆಗೊಂಡ 46 ಮಂದಿಯ ವ್ಯಾಯಾಮ ಪರೀಕ್ಷೆಯ ದಾಖಲೆಗಳನ್ನು ವೈದ್ಯರು ಪರಿಶೀಲಿಸಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ಚಿಕಿತ್ಸೆಗೆ ಮುಂಚೆ ಇವರು ಒಂದು ನಿಮಿಷದಲ್ಲಿ ಹೊಡೆಯುತ್ತಿದ್ದ ದಂಡೆಗಳು ಸಹೋದ್ಯೋಗಿ ಮಹಿಳೆಯರಿಗಿಂತ ನೂರಕ್ಕೆ 31ರಷ್ಟು ಹೆಚ್ಚು; ಎರಡು ವರ್ಷಗಳ ಚಿಕಿತ್ಸೆಯ ಬಳಿಕ ಆ ವ್ಯತ್ಯಾಸ ಅಳಿಸಿಹೋಯಿತು. ಒಂದೂವರೆ ಮೈಲಿ ಓಟದಲ್ಲಿ ಮಾತ್ರ, ಮೊದಲು ನೂರಕ್ಕೆ 21ರಷ್ಟಿದ್ದ ವೇಗದ ಮೇಲುಗೈ ನೂರಕ್ಕೆ 12ರಷ್ಟು ಉಳಿದಿತ್ತು.

ಆಟದ ಮೈದಾನದಲ್ಲಿ ಈ ಅಂಕಿಗಳು ಬೇರೊಂದು ಚರ್ಚೆಯನ್ನು ಎಬ್ಬಿಸುತ್ತವೆ. ಅಲ್ಲಿ ಪ್ರಶ್ನೆ ಪರಸ್ಪರ ಸ್ಪರ್ಧೆಯದು. ಸೈನ್ಯದಲ್ಲಿ ಪ್ರಶ್ನೆ ಬೇರೆ: ಹೊರಿಸಿದ ಕೆಲಸಕ್ಕೆ ಬೇಕಾದ ಬಲ ಇದೆಯೇ? ಆ ಒರೆಗಲ್ಲಿನ ಮೇಲೆ ಈ ಅಂಕಿಗಳು ಅನರ್ಹತೆಯನ್ನು ಸಾರುವುದಿಲ್ಲ.

ಆಕ್ಷೇಪಗಳನ್ನೂ ಮುಚ್ಚಿಡಬಾರದು. ಹಾರ್ಮೋನನ್ನು ಸತತವಾಗಿ ಸೇವಿಸಬೇಕು. ದೂರದ ಕಾವಲುಠಾಣೆಗಳಿಗೆ ಔಷಧಿ ತಲಪಬೇಕು. ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಗಮನಿಸುತ್ತಿರಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ಕಾಲ ರಣರಂಗಕ್ಕೆ ಹೋಗಲಾಗದು. ಅಮೆರಿಕದ ರ್‍ಯಾಂಡ್ ಸಂಸ್ಥೆ 2016ರಲ್ಲಿ ಇದನ್ನೆಲ್ಲ ಲೆಕ್ಕ ಹಾಕಿತು. ಪರಿವರ್ತನೆಯ ಚಿಕಿತ್ಸೆಗೆ ತಗಲುವ ಹೆಚ್ಚಿನ ವೆಚ್ಚ ಸೈನ್ಯದ ವೈದ್ಯಕೀಯ ವೆಚ್ಚದಲ್ಲಿ ನೂರಕ್ಕೆ 0.04ರಿಂದ 0.13ರವರೆಗೆ ಎಂದು ಅಂದಾಜಾಯಿತು. ಇಂಥವರನ್ನು ಬಹಿರಂಗವಾಗಿ ಸೇರಿಸಿಕೊಂಡ ಬ್ರಿಟನ್, ಕೆನಡ, ಆಸ್ಟ್ರೇಲಿಯ, ಇಸ್ರೇಲ್ ದೇಶಗಳ ಅನುಭವವನ್ನು ನೋಡಿದಾಗ ಯುದ್ಧಸನ್ನದ್ಧತೆ ಕುಗ್ಗಿದ ಸೂಚನೆ ಆ ಅಧ್ಯಯನಕ್ಕೆ ಕಾಣಲಿಲ್ಲ.

ತೂಗುಯ್ಯಾಲೆಯ ಮೇಲೆ ಕಾನೂನು

ನೆದರ್ಲೆಂಡ್ಸ್ 1974ರಲ್ಲಿಯೇ ಇವರಿಗೆ ಸೈನ್ಯದ ಬಾಗಿಲು ತೆರೆಯಿತು. ಬ್ರಿಟಿಷ್ ವಾಯುಪಡೆಯನ್ನು 1980ರಲ್ಲಿ ಸೇರಿದ್ದ ಕ್ಯಾರೊಲಿನ್ ಪೇಜ್ ಎಂಬ ಅಧಿಕಾರಿ 1999ರಲ್ಲಿ ಬಹಿರಂಗವಾಗಿ ಹೆಣ್ಣಾಗಿ ಸೇವೆ ಮುಂದುವರಿಸಿದರು. ಇರಾಕ್, ಆಫ್ಘಾನಿಸ್ತಾನಗಳಲ್ಲಿ ಕೆಲಸ ಮಾಡಿ 2014ರಲ್ಲಿ ನಿವೃತ್ತರಾದರು. ಅಮೆರಿಕದಲ್ಲಿ ಮಾತ್ರ ಕಾನೂನು ತೂಗುಯ್ಯಾಲೆಯಂತಾಯಿತು. 2016ರಲ್ಲಿ ನಿಷೇಧ ತೆರವಾಯಿತು. 2019ರಲ್ಲಿ ಮತ್ತೆ ನಿರ್ಬಂಧ ಬಂತು. 2021ರಲ್ಲಿ ಅದು ರದ್ದಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷರ ಹೊಸ ಆಜ್ಞೆ ಹೊರಟಿತು. ಅದೇ ವರ್ಷ ಮೇ ತಿಂಗಳಲ್ಲಿ, ಮೊಕದ್ದಮೆಗಳು ನಡೆಯುತ್ತಿರುವಂತೆಯೇ ಅದನ್ನು ಜಾರಿಗೊಳಿಸಲು ಅಲ್ಲಿನ ಸುಪ್ರೀಂ ಕೋರ್ಟು ಅವಕಾಶ ಕೊಟ್ಟಿತು. ಒಂದು ಆಜ್ಞೆಯನ್ನು ನಂಬಿ ಗುಟ್ಟನ್ನು ಹೊರಗೆಡಹಿದವರು ಇನ್ನೊಂದು ಆಜ್ಞೆಯಿಂದ ಕೆಲಸ ಕಳೆದುಕೊಳ್ಳುವ ಸ್ಥಿತಿಗೆ ಬಂದರು.

ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು, ತನ್ನ ಲಿಂಗಭಾವವನ್ನು ತಾನೇ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆಯೆಂದು ತೀರ್ಪಿತ್ತಿತು. ಆದರೆ ಮೂರು ವರ್ಷಗಳ ಬಳಿಕ, 2010ರಲ್ಲಿ ನೌಕಾಪಡೆಯನ್ನು ಸೇರಿದ್ದ ನಾವಿಕರೊಬ್ಬರು ರಜೆಯಲ್ಲಿದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದುದಕ್ಕಾಗಿ, 2017ರ ಅಕ್ಟೋಬರಿನಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದರು. ನಾವಿಕರ ದರ್ಜೆಯಲ್ಲಿ ಹೆಂಗಸರಿಗೆ ಆಗ ಸ್ಥಾನವೇ ಇರಲಿಲ್ಲ. ಆ ದರ್ಜೆಗೆ ಮಹಿಳೆಯರು ಬಂದುದು 2022ರ ಅಗ್ನಿಪಥ ಯೋಜನೆಯ ಮೂಲಕ. ಪೊಲೀಸ್ ಪಡೆಗಳು ಈ ವಿಷಯದಲ್ಲಿ ಮುಂದಾಗಿವೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೂರಕ್ಕೆ ಒಂದರಷ್ಟು ಮೀಸಲಾತಿ ಕಲ್ಪಿಸಿತು. ಛತ್ತೀಸಗಡದಲ್ಲಿ ನಕ್ಸಲೀಯರನ್ನು ಎದುರಿಸಲು ಕಟ್ಟಿದ ‘ಬಸ್ತರ್ ಫೈಟರ್ಸ್’ ಪಡೆಗೆ 2022ರಲ್ಲಿ ಇಂಥ ಒಂಬತ್ತು ಮಂದಿ ಆಯ್ಕೆಯಾದರು.

ಹಾಗಾದರೆ ಸೈನ್ಯಸೇವೆ ಮತ್ತು ಸ್ತ್ರೀಭಾವ ಎರಡನ್ನೂ ಒಂದೇ ಬಾಳಿನಲ್ಲಿ ಸರಿತೂಗಿಸಬಹುದೆ? ಸರಿತೂಗಿಸಿದವರು ಇದ್ದಾರೆಂಬುದೇ ಉತ್ತರ. ಸೈನಿಕನಿಂದ ನಾಡು ಕೇಳುವುದು ಧೈರ್ಯ, ಬಲ, ಶಿಸ್ತು, ಜೊತೆಗಾರರ ವಿಶ್ವಾಸ. ಮೊದಲ ಮೂರನ್ನು ಪರೀಕ್ಷೆಗೆ ಒಡ್ಡಬಹುದು; ಒಡ್ಡಿಯೂ ಆಗಿದೆ. ನಾಲ್ಕನೆಯದು ಬೆಳೆಯಬೇಕಾದರೆ ಜೊತೆಗಾರರಿಂದ ತನ್ನನ್ನು ಬಚ್ಚಿಟ್ಟುಕೊಳ್ಳದೆ ಬದುಕುವ ಅವಕಾಶವಿರಬೇಕು. ಬೆನ್ನ ಮೇಲಿನ ಚೀಲ ಎಷ್ಟು ಭಾರವಾದರೂ ಬಿಡಾರ ಸೇರಿದ ಮೇಲೆ ಅದನ್ನು ಇಳಿಸಬಹುದು. ಗುಟ್ಟನ್ನು ಇಳಿಸಿಡಲು ಬಿಡಾರದಲ್ಲಿಯೂ ಜಾಗವಿಲ್ಲದಿದ್ದರೆ ಎಷ್ಟು ಗಟ್ಟಿಯಾದ ಸಿಪಾಯಿಯೂ ಒಂದು ದಿನ ಕುಸಿಯುತ್ತಾನೆ.